ಅವ್ವ ನಿಂತ ಜಾಗದಿಂದ ಒಂದು ಗುಡಿ

ಗುಡಿಯ ನಕ್ಷೆ ಅಂದರೆ ಕಲ್ಲಿನ ನಕ್ಷೆಯಲ್ಲ, ಜನರ ನಕ್ಷೆ. ಯಾರು ಎಲ್ಲಿವರೆಗೆ ಬರಬಹುದು, ಯಾರು ಎಲ್ಲಿ ನಿಲ್ಲಬೇಕು ಅನ್ನೋದನ್ನ ಮೊದಲು ತೀರ್ಮಾನಿಸಿ, ಆಮೇಲೆ ಅದರ ಸುತ್ತ ಕಲ್ಲು ಜೋಡಿಸಿದ್ದಾರೆ. ಇದು ನಮಗೆ ಪುಸ್ತಕ ಓದಿ ಹೊಳೆದದ್ದಲ್ಲ. ಅತ್ತಿಗುಪ್ಪೆಯ ಬಾಡಿಗೆ ರೂಮಿನಲ್ಲಿ, ಎಲ್ಲೂ ಇಲ್ಲದ ಗುಡಿಯೊಂದಕ್ಕೆ ನಕ್ಷೆ ಬರೆಯಲು ಕೂತಾಗ ಹೊಳೆದದ್ದು.

ಆ ರೂಮಿನಲ್ಲಿ ನಾವು ನಾಲ್ವರು. ನಾಲ್ವರೂ ನಮ್ಮ ನಮ್ಮ ಮನೆಗೆ ಮೊದಲ ಪದವೀಧರರು. ಒಬ್ಬ ಚಿತ್ರ ಬರೆಯುತ್ತಾನೆ. ಕಂಪ್ಯೂಟರ್ ಆಟ ಮಾಡುವವರು ಅವನಿಗೊಂದು ಕೆಲಸ ಕೊಟ್ಟಿದ್ದರು: ಕಾಡಿನ ನಡುವೆ ಒಂದು ಮಾಯಾ ದೇವಸ್ಥಾನ ಬೇಕು, ಏಳು ಬಾಗಿಲು ಇರಬೇಕು, ಒಳಗೊಳಗೆ ಹೋದಂತೆ ಕತ್ತಲೆ ಹೆಚ್ಚಬೇಕು, ಕೊನೆಯ ಕೋಣೆಗೆ ಸುಲಭಕ್ಕೆ ಯಾರೂ ಹೋಗುವಂತಿರಬಾರದು. ನಾವು ನಕ್ಕೆವು. ಸ್ವಾಮಿ, ಇದಕ್ಕೆ ಕಲ್ಪನೆ ಯಾಕೆ? ಇಂಥದ್ದು ನಮ್ಮೂರಲ್ಲೇ ಐತೆ.

ಗುಡಿ ಕಟ್ಟುವ ಶಾಸ್ತ್ರ ನೆಲಕ್ಕೆ ಗೆರೆ ಎಳೆದು 64 ಅಥವಾ 81 ಚೌಕ ಮಾಡುತ್ತದೆ. ನಟ್ಟನಡುವೆ ಬ್ರಹ್ಮನ ಜಾಗ. ಅದರ ಸುತ್ತ ದೇವತೆಗಳು, ಅದರಾಚೆ ಮನುಷ್ಯರು, ಕಟ್ಟಕಡೆಗೆ ಪಿಶಾಚಿಗಳು. ಇನ್ನು ನಮ್ಮವರಿಗೆ? ಅರ್ಥಶಾಸ್ತ್ರ ಬರೆದ ಕೌಟಿಲ್ಯ ಚಂಡಾಲರಿಗೆ ಮಸಣದ ಅಂಚು ತೋರಿಸಿದ. ಪಿಶಾಚಿಗೂ ಒಂದು ಚೌಕ ಸಿಕ್ಕಿತು, ನಮಗೆ ಚೌಕವೇ ಇಲ್ಲ. ಬೇಲೂರಿನ ಗುಡಿ 1117ರದು. ಅಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಶಿಲ್ಪದ ಕೆಳಗೆ ತಮ್ಮ ಹೆಸರು ಬರೆಸಿಕೊಂಡಿದ್ದಾರೆ. ಸಂತೋಷ. ಆ ಕಲ್ಲು ಎಳೆದು ತಂದವರ ಹೆಸರು ಎಲ್ಲಿ?

ನಮ್ಮ ಸೀಮೆಯ ಮೇಲುಕೋಟೆಯನ್ನೇ ನೋಡಿ. ತಿರುಕುಲದವರಿಗೆ ವರ್ಷಕ್ಕೆ 3 ದಿನ ಚೆಲುವನಾರಾಯಣನ ಗುಡಿಯೊಳಗೆ ಬಿಡುತ್ತಿದ್ದರು, ಅದೂ ಧ್ವಜಸ್ತಂಭದವರೆಗೆ. ರಾಮಾನುಜಾಚಾರ್ಯರು ಕೊಟ್ಟ ಹಕ್ಕು ಅಂತ ಹಾಡಿ ಹೊಗಳುತ್ತಾರೆ. ಉಳಿದ 362 ದಿನದ ಮಾತು ಯಾರೂ ಆಡುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ದೇವಾಲಯ ಪ್ರವೇಶದ ಕಾನೂನು ಬಂದದ್ದು 1948ರಲ್ಲಿ. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಅಪ್ಪ ಗುಡಿ ಮುಂದೆ ನಿಂತು ಕೈಮುಗಿಯುತ್ತಿದ್ದಾಗ ಮಳೆ ಬಂತು, ಪುಟ್ಟ ಮಗು ಒಳಗೆ ಓಡಿತು. ಶುದ್ಧಿ ಮಾಡಿಸಲು ದಂಡ ಕಟ್ಟು ಅಂದರು. ಮರುವರ್ಷ ಅದೇ ತಿಂಗಳು ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹುಡುಗನೊಬ್ಬ ಮೆರವಣಿಗೆ ದೇವರ ಕೋಲು ಮುಟ್ಟಿದ. 60,000 ರೂಪಾಯಿ ದಂಡ ಹಾಕಿದರು. ನೋಡಿ, ಗುಡಿ ನಿಂತಲ್ಲೇ ನಿಂತಿದ್ದರೂ ಅದರ ಗೆರೆ ದೇವರ ಜೊತೆ ಬೀದಿಗೂ ಬರುತ್ತದೆ.

ಅತ್ತಿಗುಪ್ಪೆಯೂ ಒಂದು ಕಾಲಕ್ಕೆ ಹಳ್ಳಿಯೇ. 2015ರಿಂದ ಅದರ ನೆತ್ತಿ ಮೇಲೆ ಮೆಟ್ರೋ ಓಡುತ್ತಿದೆ. ನಮ್ಮಲ್ಲೊಬ್ಬನ ಅವ್ವ ಊರಿಂದ ಬಂದಿದ್ದಳು. ಒಬ್ಬನ ಅವ್ವ ಅಂದರೆ ನಾಲ್ವರಿಗೂ ಅವ್ವ. ರೈಲಿನಲ್ಲಿ ಖಾಲಿ ಇದ್ದ ಕಡೆ ಧೈರ್ಯವಾಗಿ ಕೂತಳು, ಪಕ್ಕದವರು ಯಾರು ಅಂತ ನೋಡಲಿಲ್ಲ. ಸಂಜೆ ಹತ್ತಿರದ ಗುಡಿಗೆ ಕರೆದುಕೊಂಡು ಹೋದೆವು. ಅವ್ವ ಚಪ್ಪಲಿ ಬಿಡುವ ಜಾಗದಲ್ಲೇ ನಿಂತುಬಿಟ್ಟಳು.

“ಬಾರವ್ವ ಒಳಕ್ಕೆ, ಇಲ್ಲಿ ಯಾರೂ ಏನೂ ಕೇಳಲ್ಲ.”

“ಇಲ್ಲಿಂದ್ಲೇ ಕಾಣ್ತದೆ ಬುಡು ಮಗ. ನೀವ್ ಹೋಗ್ ಬನ್ನಿ. ಒಳಗ್ ಹೆಂಗೈತೆ ಅಂತ ಬಂದ್ ಹೇಳಿ.”

ಯಾರೂ ತಡೆಯಲಿಲ್ಲ. ತಡೆಯೋಕೆ ಯಾರೂ ಬೇಕಿರಲಿಲ್ಲ. ನಕ್ಷೆ ಅವಳ ಪಾದದಲ್ಲೇ ಇತ್ತು.

ಆ ರಾತ್ರಿ ರೂಮಿನಲ್ಲಿ ಜಗಳವೇ ಆಯ್ತು. ಒಬ್ಬ ಅಂದ: “ಬಾಬಾಸಾಹೇಬರು 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಮುಂದೆ ಸತ್ಯಾಗ್ರಹ ಹೂಡಿದರು. 1935ರಲ್ಲಿ ಹಿಂದೂವಾಗಿ ಸಾಯೋದಿಲ್ಲ ಅಂದರು. 1956ರಲ್ಲಿ ನಾಗಪುರದಲ್ಲಿ ಬುದ್ಧನ ಕಡೆ ನಡೆದರು. ನಾವ್ಯಾಕೆ ತಿರುಗಿ ಅದೇ ಬಾಗಿಲಿಗೆ ಹೋಗಬೇಕು? ಗುಡಿ ಬಿಡು, ಲೈಬ್ರರಿ ಬರಿ.” ಇನ್ನೊಬ್ಬ ಅಂದ: “ಬಿಡಬೇಕಾದ್ರೆ ಮೊದಲು ಒಳಗೆ ಹೋಗಿರಬೇಕು ಕಣೋ. ಅವ್ವ ಬಿಟ್ಟಿದ್ದಾಳಾ? ಅವಳನ್ನ ಹೊರಗೆ ಬಿಟ್ಟಿದ್ದಾರೆ.” ಇಬ್ಬರ ಮಾತೂ ನಿಜ. ಜಗಳ ಇವತ್ತಿಗೂ ತೀರಿಲ್ಲ.

ಆದರೆ ಸೀಸದಕಡ್ಡಿ ನಿಲ್ಲಲಿಲ್ಲ. ಶಾಸ್ತ್ರದವರು ನಡುವಿನಿಂದ ಶುರುಮಾಡಿದರೆ ನಾವು ಅವ್ವ ನಿಂತ ಜಾಗದಿಂದ ಶುರುಮಾಡಿದೆವು. ಅವಳ ಎರಡು ಪಾದ ಮೊದಲ ಚೌಕ. ಅದರ ಪಕ್ಕ ಅಪ್ಪ ತಮಟೆ ಕಾಯಿಸುವ ಬೆಂಕಿಯ ಜಾಗ. ಎರಡರ ಮೇಲೂ ಮಾಡು ಹಾಕಿದೆವು, ಮಳೆ ಬಂದರೆ ಮಗು ಎಲ್ಲಿಗೂ ಓಡಬೇಕಾಗದಂತೆ. ನವರಂಗದ ನಾಲ್ಕು ಕಂಬ, ಒಂಬತ್ತು ಅಂಕಣ ಉಳಿಸಿಕೊಂಡೆವು, ಅದು ನಮ್ಮವರು ಹೊತ್ತ ಕಲ್ಲು. ಗೋಡೆ ಬಿಟ್ಟೆವು, ಹೊಸ್ತಿಲು ಬಿಟ್ಟೆವು. ನಟ್ಟನಡುವೆ ನೀರಿನ ತೊಟ್ಟಿ, ಯಾರು ಬೇಕಾದರೂ ಮೊಗೆದು ಕುಡಿಯಬಹುದು. ಒಂದು ಮೂಲೆಯಲ್ಲಿ ಪುಸ್ತಕದ ಕಪಾಟು, ಜಗಳ ಮಾಡಿದವನ ಪಾಲು. ದೇವರಿಗೆ ಅಂತ ಜಾಗ ಕಟ್ಟಲಿಲ್ಲ. ಬೇಕಾದರೆ ಬರಲಿ, ಜನರ ನಡುವೆ ಒತ್ತರಿಸಿಕೊಂಡು ಕೂರಲಿ.

ಆಟದವರು ವಾಪಸ್ ಕಳಿಸಿದರು. ಇದರಲ್ಲಿ ಒಳಗೆ ಯಾವುದು, ಹೊರಗೆ ಯಾವುದು ಗೊತ್ತಾಗುವುದಿಲ್ಲ ಅಂದರು. ಅವರಿಗೆ ನಕ್ಷೆ ಸರಿಯಾಗಿಯೇ ಅರ್ಥವಾಗಿದೆ. ಗೆಳೆಯ ರೂಮಿನ ಬಾಡಿಗೆಗಾಗಿ ಏಳು ಬಾಗಿಲಿನದೊಂದನ್ನು ಬೇರೆ ಬರೆದುಕೊಟ್ಟ.

ಕಾಗದದ ಮೇಲಿನ ಗೋಡೆ ಅಳಿಸಲು ಒಂದು ರಬ್ಬರು ಸಾಕು, ಗೆಳೆಯರೇ. ಊರಿನ ಗೋಡೆಗೆ ರಬ್ಬರಿಲ್ಲ. ಬಾಗಿಲು ತೆಗೆಯಿರಿ ಅಂತ ಕಾನೂನು ಹೇಳಿ ಮುಕ್ಕಾಲು ಶತಮಾನ ದಾಟಿತು. ಬಾಗಿಲು ತೆಗೆದರೆ ಸಾಲದು, ಯಾರು ಎಲ್ಲಿ ನಿಲ್ಲಬೇಕು ಅಂತ ಗೆರೆ ಎಳೆಯುವ ಕೈ ಬದಲಾಗಬೇಕು. ಮಾರ್ಚಿಯಲ್ಲಿ ಊರ ಹಬ್ಬ. ಅಪ್ಪ ತಮಟೆ ಕಾಯಿಸುವ ಜಾಗಕ್ಕೆ ಈಗಲೂ ಮಾಡಿಲ್ಲ, ನೆರಳಿಲ್ಲ. ಈ ಸಲ ನಾವು ನಾಲ್ವರೂ ಹೋಗುತ್ತಿದ್ದೇವೆ. ಅವ್ವನ ಜೊತೆ ನಿಲ್ಲುತ್ತೇವೆ. ಅವಳು ಒಂದು ಹೆಜ್ಜೆ ಮುಂದಿಟ್ಟರೆ ನಾವೂ ಇಡುತ್ತೇವೆ.