ಎರಡು ಪಟ್ಟಿ

ಹಾಡುವವನಿಗೆ ಲೆಕ್ಕ ಬರೋದಿಲ್ಲ ಅಂತ ಜನ ತಿಳಿದಾರ. ನಾನು ಡೊಳ್ಳಿನ ಹಾಡು ಹಾಡುವವ, ಕಲಿತದ್ದು ಏಳನೇ ಇಯತ್ತೆ. ಆದರೂ ಮಂದಿಯ ಕಿಸೆಯಿಂದ ರೊಕ್ಕ ಯಾವಾಗ ಹೊರಗ ಬರತೈತಿ ಅನ್ನೋ ಲೆಕ್ಕ ನನಗ ನಲವತ್ತು ವರ್ಷದಿಂದ ಗೊತ್ತೈತಿ. ರಾತ್ರಿ ಹತ್ತಕ್ಕ ಹಾಡಕಿ ಸುರು ಆದರ ಹನ್ನೊಂದರ ತನಕ ಯಾರೂ ಕಿಸೆಗೆ ಕೈ ಹಾಕೋದಿಲ್ಲ. ಚ್ಯಾಷ್ಟಿ ಪದ ಹಾಡಿದರ ನಗತಾರ, ಕೊಡೋದಿಲ್ಲ. ತಂಗಿ ತವರಿಗೆ ಬಂದ ಕತೆ ಬಂತಂದರ ಒಬ್ಬ ಎದ್ದು ಬಂದು ಡೊಳ್ಳಿನ ಮ್ಯಾಲ ನೋಟು ಇಡತಾನ. ಅವನ ಹೆಸರು, ಅವನ ಅಪ್ಪನ ಹೆಸರು, ಊರು ಮೈಕಿನಾಗ ಕೂಗಿದ ಮ್ಯಾಲ ಮತ್ತ ನಾಲ್ಕು ಮಂದಿ ಏಳತಾರ. ಹೋದ ವರ್ಷ ಕೊಟ್ಟವ ಈ ವರ್ಷವೂ ಕೊಡತಾನ. ಎಂದೂ ಕೊಡದವ ಮುಂದ ಕುಂತಿದ್ದರೂ ಕೊಡೋದು ಕಷ್ಟ.

ಊರ ಜಾತ್ರಿಗೆ ಪಟ್ಟಿ ಎತ್ತುವಾಗಲೂ ಹಿರ್ಯಾರು ಹಿಂಗ ಲೆಕ್ಕ ಹಾಕತಿದ್ದರು. ಕಬ್ಬು ಕಡಿಯಾಕ ಹೋದವರು ಹಂಗಾಮು ಮುಗಿಸಿ ಬಂದ ಮ್ಯಾಲ ಅವರ ಓಣಿ, ಬೇದಾಣಾ ತಾಸಗಾಂವಿಗೆ ಹೋಗಿ ರೊಕ್ಕ ಕೈಗೆ ಬಂದ ಮ್ಯಾಲ ದ್ರಾಕ್ಷಿ ತೋಟದವರ ಓಣಿ. ಪಟ್ಟಿಯಾಗ ಮೊದಲನೇ ಹೆಸರಿನ ಮುಂದ ಎಷ್ಟು ಬರೀತಾರೋ ಅದನ್ನ ನೋಡಿ ಉಳಿದವರು ಬರೀತಾರ. ಹಂಗಾಗಿ ಮೊದಲು ಯಾರ ಮನಿಗೆ ಹೋಗಬೇಕು ಅನ್ನೋದರ ಮ್ಯಾಲ ಗುಡಿ ಕಟ್ಟಿಗೆ ಕುಂತು ಒಂದು ಸಂಜಿ ಪೂರಾ ಚರ್ಚೆ ಆಗತಿತ್ತು. ಮದುವಿ ಮನಿಯ ಆಯೇರಿ ವಹಿನೂ ಅಂಥಾದ್ದ. ಯಾರು ಎಷ್ಟು ಹಾಕಿದರು ಅಂತ ನೋಡಿ ಅವರ ಮನಿ ಮದುವಿಗೆ ತಿರುಗಿ ಹಾಕಬೇಕು.

ಇಷ್ಟೆಲ್ಲಾ ಯಾಕ ಬರದೆ ಅಂದರ, ನನ್ನ ತಂಗಿಯ ಮಗ ಪುಣೆಯ ಒಂದು ವಿಶ್ವವಿದ್ಯಾಲಯದಾಗ ಇದೇ ಕೆಲಸಕ್ಕ ಪಗಾರ ತಗೋತಾನ. ಹಳೆ ವಿದ್ಯಾರ್ಥಿಗಳ ವಿಭಾಗ ಅಂತ ಒಂದು ಕಚೇರಿ. ಮೊದಲ ಸಲ ಅವನು ಡಾಟಾ ಅನಾಲಿಟಿಕ್ಸ್ ಅಂದಾಗ ಅದು ಯಾವುದೋ ಗುಳಿಗಿ ಹೆಸರು ಅಂದುಕೊಂಡಿದ್ದೆ. ಅವನು ಬಿಡಿಸಿ ಹೇಳಿದ ಮ್ಯಾಲ ನಕ್ಕೆ.

“ಅಂದರ ನೀನೂ ಪಟ್ಟಿ ಎತ್ತಾವನ ಅನ್ನಪಾ.”

“ಹೌದು ಮಾಮಾ. ಆದರ ನಮ್ಮ ಪಟ್ಟಿಯಾಗ ಸಾವಿರ ಸಾವಿರ ಹೆಸರು. ಎಲ್ಲಾರಿಗೂ ಫೋನ್ ಮಾಡಾಕ ಆಗೂದಿಲ್ಲ. ಯಾರ ಬಾಗಲಾ ಮೊದಲ ಬಡೀಬೇಕು ಅನ್ನೂದನ್ನ ಕಂಪ್ಯೂಟರ್ ಹೇಳತೈತಿ.”

ಕಂಪ್ಯೂಟರಿಗೆ ಹೆಂಗ ತಿಳೀತೈತಿ? ಪ್ರತಿಯೊಬ್ಬನ ಮುಂದ ಒಂದೊಂದು ಮನಿ ಗೆರೆ ಹಾಕಿರತಾರ. ಯಾವ ವರ್ಷ ಕಲಿತ, ಏನು ಕಲಿತ, ಈಗ ಎಲ್ಲಿ ನೌಕರಿ, ಕಳಿಸಿದ ಪತ್ರ ತೆರೆದು ನೋಡಿದನೋ ಇಲ್ಲೋ, ಸ್ನೇಹ ಸಮ್ಮೇಳನಕ್ಕ ಬಂದನೋ ಇಲ್ಲೋ, ಹಿಂದ ಕೊಟ್ಟಾನೇನು. ಕೊಟ್ಟವರ ಗುಂಪು ಬ್ಯಾರೆ, ಕೊಡದವರ ಗುಂಪು ಬ್ಯಾರೆ ಮಾಡಿ, ಇವರಿಗೂ ಅವರಿಗೂ ಏನು ಫರಕ ಅಂತ ಯಂತ್ರ ಹುಡುಕತೈತಿ. ಆಮ್ಯಾಲ ಉಳಿದವರಾಗ ಕೊಟ್ಟವರನ್ನ ಹೋಲೋವರು ಯಾರು ಅಂತ ನೋಡಿ ಮಾರ್ಕು ಕೊಡತೈತಿ, ಸಾಲಿ ಪರೀಕ್ಷೆಯಂಗ. ಮುಖ್ಯ ಪ್ರಶ್ನೆ ಮೂರು: ಇತ್ತೀಚಿಗೆ ಯಾವಾಗ ಕೊಟ್ಟ, ಎಷ್ಟು ಸಲ ಕೊಟ್ಟ, ಎಷ್ಟು ಕೊಟ್ಟ. ಒಮ್ಮೆ ದೊಡ್ಡ ಗಂಟು ಕೊಟ್ಟು ಮರೆತವನಿಗಿಂತ ವರ್ಷಾ ಐದುನೂರು ತಪ್ಪದೆ ಕೊಡುವವನ ಮ್ಯಾಲ ಅವರಿಗೆ ಹೆಚ್ಚು ಭರವಸೆ. ಈ ಮಾತು ನನಗ ಬಾಳ ಸೇರಿತು.

ಇದು ಹೊಸಾದಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 1890ರಾಗ, ಕಂಪ್ಯೂಟರ್ ಇಲ್ಲದ ಕಾಲದಾಗ, ಹಳೆ ವಿದ್ಯಾರ್ಥಿಗಳ ನಿಧಿ ಸುರು ಮಾಡಿದರು. ನಮ್ಮ ದೇಶದಾಗ ಇದರ ಸುದ್ದಿ ಹೆಚ್ಚಾದದ್ದು ಈಚೆಗೆ. ಬೆಂಗಳೂರಿನ ನಂದನ್ ನಿಲೇಕಣಿ ಅವರು 1973ರಾಗ ಮುಂಬಯಿ ಐಐಟಿಗೆ ಕಲಿಯಾಕ ಹೋದವರು. 2023ರಾಗ, ಐವತ್ತು ವರ್ಷ ತುಂಬಿದ ನೆನಪಿಗೆ, ಆ ಸಂಸ್ಥೆಗೆ 315 ಕೋಟಿ ರೂಪಾಯಿ ಕೊಟ್ಟರು. ಅದಕ್ಕೂ ಮೊದಲ 85 ಕೋಟಿ ಕೊಟ್ಟಿದ್ದರು. ಹಿಂದ ಕೊಟ್ಟವ ಮತ್ತ ಕೊಡತಾನ, ಸಾಲಿಯ ಸುತ್ತಿನ ವರ್ಷ ಬಂದಾಗ ಮನಸ್ಸು ಕರಗತೈತಿ. ಅಳಿಯನ ಲೆಕ್ಕದ ಎರಡು ಮಾತೂ ಇದರಾಗ ಐತಿ. ಕಾಲೇಜುಗಳಿಗೆ ದರ್ಜೆ ಕೊಡುವ ಬೆಂಗಳೂರಿನ ನ್ಯಾಕ್ ಸಂಸ್ಥೆಯವರೂ ಹಳೆ ವಿದ್ಯಾರ್ಥಿಗಳ ಸಂಘ ಐತೇನು, ಅವರ ನೆರವು ಎಷ್ಟು ಅಂತ ಕೇಳತಾ ಬಂದಾರ. ಹಂಗಾಗಿ ಸಣ್ಣ ಕಾಲೇಜಿನವರೂ ಈಗ ಹಳೆ ವಿಳಾಸ ಹುಡುಕಾಕ ಹತ್ಯಾರ.

ಆದರ ಒಂದು ಮಾತು ನನಗ ಮೊದಲಿನಿಂದ ಚುಚ್ಚತಿತ್ತು. ನಮ್ಮ ಕಡೆಯ ವಿದ್ಯಾಸಂಸ್ಥೆ ಕಟ್ಟಿದವರು ಯಾವ ಪಟ್ಟಿಯಾಗ ಇದ್ದರು? ಸಿರಸಂಗಿ ಲಿಂಗರಾಜರು 1906ರಾಗ ತೀರಿಕೊಂಡರು. ಮಕ್ಕಳಿಲ್ಲದ ದೇಸಾಯರು ತಮ್ಮ ಆಸ್ತಿಯನ್ನ ಹುಡುಗರ ವಿದ್ಯೆಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿಂದು, ಅದು ಸುರು ಆಗಿದ್ದು 1933ರಾಗ, ಅವರು ಹೋಗಿ 27 ವರ್ಷದ ಮ್ಯಾಲ. ಇತ್ತ ಸಾತಾರದಾಗ ಕರ್ಮವೀರ ಭಾವುರಾವ ಪಾಟೀಲರು ಬಡ ಹುಡುಗರ ವಸತಿಗೃಹ ನಡೆಸುವಾಗ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮ್ಯಾಲಿನ ಬಂಗಾರ ಮಾರಿ ಹುಡುಗರಿಗೆ ಊಟ ಹಾಕಿದರು, ಕಡೀಕ ತಾಳಿ ಸುದ್ದಾ. ಆ ತಾಯಿ ಯಾವ ಕಾಲೇಜಿನ ಹಳೆ ವಿದ್ಯಾರ್ಥಿ? ಅಳಿಯನಿಗೆ ಕೇಳಿದೆ. “ಅಂಥವರಿಗೆ ನಮ್ಮ ತಕ್ತೆಯಾಗ ಮನಿ ಇಲ್ಲ ಮಾಮಾ,” ಅಂದ. ಅವನು ಸುಳ್ಳು ಹೇಳೂದಿಲ್ಲ, ಅದು ಅವನ ಒಳ್ಳೆ ಗುಣ.

ಹೋದ ದೀಪಾವಳಿಗೆ ಅವನು ಊರಿಗೆ ಬಂದಾಗ ನಮ್ಮ ಜಿಲ್ಲಾ ಪರಿಷತ್ ಕನ್ನಡ ಸಾಲಿಯ ಗುರುಗಳು ಅವನ್ನ ಹಿಡಿದರು. ಎರಡು ಖೋಲಿ ಸೋರತಿದ್ದವು. ಮಳಿ ಬಂದ ದಿನ ಮೂರನೇ ನಾಲ್ಕನೇ ಇಯತ್ತೆಯ ಹುಡುಗರು ಒಂದರಾಗ ಒತ್ತಿ ಕುಂದ್ರಬೇಕು. ಮಂಜೂರಿ ಬರತೈತಿ ಬರತೈತಿ ಅಂತ ಎರಡು ಮಳಿಗಾಲ ಹೋದವು. ಜತ್ತ ತಾಲೂಕಿನ ನಮ್ಮಂಥ ಊರಾಗ ಕನ್ನಡ ಸಾಲಿಯ ಪಾಡು ನಿಮಗ ಗೊತ್ತಿದ್ದದ್ದ. ಪಾಲಕರು ಹುಡುಗರನ್ನ ಇಂಗ್ಲಿಷ್ ಸಾಲಿಯ ಹಳದಿ ಬಸ್ಸಿಗೆ ಹತ್ತಸತಾರ. ಖೋಲಿ ಬಿದ್ದರ ಇದ್ದ ಹುಡುಗರೂ ಹೋಗತಾರ, ಹುಡುಗರು ಹೋದರ ಸಾಲೀನೂ ಹೋಗತೈತಿ.

ಸಾಲಿಯ ಕಪಾಟಿನಾಗ ಹಳೆ ಜನರಲ್ ರಜಿಸ್ಟರ್ ಇದ್ದವು. ಗೆದ್ದಲು ಒಂದನ್ನ ಅರ್ಧ ತಿಂದಿತ್ತು. ಅಳಿಯ, ಗುರುಗಳು, ಹೈಸ್ಕೂಲಿನ ಮೂರು ಹುಡುಗರು ಕುಂತು ನಾಲ್ಕು ದಿನ ಹೆಸರು ಕಂಪ್ಯೂಟರಿಗೆ ಏರಿಸಿದರು. ಅಕ್ಷರ ತಿಳಿಯದ ಕಡೆ ನನ್ನನ್ನ ಕರೀತಿದ್ದರು. ಇವ ಯಾರ ಮಗ, ಯಾವ ತೋಟದವ ಅಂತ ನಾ ಹೇಳಬೇಕು. ರಜಿಸ್ಟರಿನಾಗ ಹೆಸರು, ಜಾತಿ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲಾ ಇರತೈತಿ. ಜಾತಿಯ ಮನಿ ಏರಿಸೋದು ಬ್ಯಾಡ ಅಂತ ಗುರುಗಳು ಮೊದಲನೇ ದಿನ ಅಂದರು, ಅಳಿಯ ಹೂಂ ಅಂದ. 2023ರಾಗ ಕೇಂದ್ರ ಸರಕಾರ ಮಂದಿಯ ಖಾಸಗಿ ಮಾಹಿತಿ ಕಾಯೋ ಕಾಯ್ದೆ ಮಾಡೈತಿ, ಯಾರದೇ ಫೋನ್ ನಂಬರು ಕೇಳುವಾಗ ಯಾಕ ಅಂತ ಹೇಳಿ, ಅವರು ಹೂಂ ಅಂದ ಮ್ಯಾಲ ಬರಕೋಬೇಕು ಅಂತಲೂ ಹುಡುಗರಿಗೆ ಹೇಳಿದ.

ಐದನೇ ದಿನ ಮಾರ್ಕು ಹಾಕಿದ. ಏಳನೇ ಇಯತ್ತೆ ಪಾಸಾಗಿ ಹೋದವರು, ನೌಕರಿ ಇದ್ದವರು, ಜಾತ್ರಿಗೆ ತಪ್ಪದೆ ಬರುವವರು ಮ್ಯಾಲ ಬಂದರು. ತಳದಾಗ ಉದ್ದಕ ಒಂದು ಸಾಲು. ಅವರೆಲ್ಲರ ಮುಂದ ಬಿಟ್ಟ ಕಾರಣ ಒಂದ: ಸತತ ಗೈರಹಾಜರ.

“ಇವರನ್ನ ಬಿಡೂನು ಮಾಮಾ. ನಡುವ ಸಾಲಿ ಬಿಟ್ಟವರು. ನಂಬರೂ ಇಲ್ಲ, ಪ್ರೀತಿನೂ ಇರಾಕಿಲ್ಲ.”

ನಾ ಆ ಸಾಲು ಓದಿಸಿಕೊಂಡೆ. ಬಾಳ ಮಂದಿ 1972-73ರಾಗ ಬಿಟ್ಟವರು. ಆಗ ನಾನು ಐದನೇ ಇಯತ್ತೆ. ಆ ಬರಗಾಲದಾಗ ಮಳಿ ಹೋತು, ಹೊಟ್ಟು ಮೇವು ತೀರಿತು, ದನ ಮಾರಿದರು. ಅವ್ವ ಅಪ್ಪ ಬರಗಾಲದ ಕಾಮಗಾರಿಗೆ ಖಡಿ ಒಡಿಯಾಕ ಹೋದರ ಹುಡುಗರೂ ಹಿಂದ ಹೋದರು, ಅಲ್ಲಿ ಸುಕಡಿ ಕೊಡತಿದ್ದರು ಅಂತ. ನನ್ನ ಬೆಂಚಿನ ಮಗ್ಗಲದವ ಹಂಗ ಹೋದವ ತಿರುಗಿ ಬರಲಿಲ್ಲ. ಗುರುಗಳು ಹಾಜರಿ ಕೂಗುವಾಗ ಒಂದು ತಿಂಗಳ ತನಕ ಅವನ ಹೆಸರು ಕೂಗಿದರು, ಆಮ್ಯಾಲ ಗೆರೆ ಹೊಡೆದರು.

“ಇವರಿಗೆ ಯಾರರ ಎಂದರ ಕೇಳ್ಯಾರೇನೋ?” ಅಂದೆ. “ಹಾಡಕಿಯಾಗ ಎಲ್ಲಾರೂ ಎದುರಿಗೆ ಕುಂತಿರತಾರ. ಹೆಸರು ಕೂಗಿದರ ಎಲ್ಲಾರಿಗೂ ಕೇಳಿದಂಗ. ಅಲ್ಲಿ ಕೊಡದವ ಕೊಡದವನ. ಇಲ್ಲಿ ಕೇಳದ ಇದ್ದವನ ಮುಂದ ಕೊಟ್ಟಿಲ್ಲ ಅಂತ ಬರದರ ಅದು ಅವನ ಗುಣ ಹೆಂಗ ಆಗತೈತಿ?”

ಅಳಿಯ ಸ್ವಲ್ಪ ಹೊತ್ತು ಸುಮ್ಮನ ಕುಂತ. ಆಮ್ಯಾಲ ಹೇಳಿದ, ಅವರ ಕಚೇರಿಯಾಗೂ ಇದೇ ತೊಡಕು ಅಂತ. ಯಂತ್ರ ಕಲಿಯೋದು ಹಿಂದಿನದನ್ನ ನೋಡಿ. ಹಿಂದ ಸಾಹೇಬರು ಇಂಜಿನಿಯರ್ ಕಲಿತ ಗಂಡಸರಿಗೆ ಹೆಚ್ಚು ಫೋನ್ ಮಾಡಿದ್ದರ ಕೊಟ್ಟವರೂ ಅವರ ಹೆಚ್ಚು. ಯಂತ್ರ ಮತ್ತ ಅವರಿಗೇ ಮಾರ್ಕು ಕೊಡತೈತಿ, ಮತ್ತ ಅವರಿಗೇ ಫೋನ್ ಹೋಗತೈತಿ. ಬ್ಯಾರೆಯವರ ಮನಿ ಖಾಲಿ ಉಳೀತೈತಿ. ಅದಕ್ಕ ಕೆಲವು ಹೆಸರು ಮಾರ್ಕು ನೋಡದ ಚೀಟಿ ಎತ್ತಿದಂಗ ಎತ್ತಿ ಕೇಳಿ ನೋಡಬೇಕು, ಆಗ ಯಂತ್ರಕ್ಕ ಹೊಸಾದು ತಿಳೀತೈತಿ. ಆದರ ಅಷ್ಟು ದಮ್ಮು ಸಾಹೇಬರಿಗೆ ಇರೋದಿಲ್ಲಂತ.

ಇನ್ನೊಂದು ಕಷ್ಟ ಹೆಣ್ಣುಮಕ್ಕಳದು. ರಜಿಸ್ಟರಿನಾಗ ತನ್ನ ಹೆಸರು, ಅಪ್ಪನ ಹೆಸರು, ತವರಿನ ಅಡ್ಡಹೆಸರು. ಮದುವಿ ಆದ ಮ್ಯಾಲ ನಡುವಿನ ಹೆಸರು ಗಂಡಂದು, ಅಡ್ಡಹೆಸರು ಗಂಡನ ಮನಿದು. ಕೆಲವು ಮನೆತನದಾಗ ಆಕಿಯ ಸ್ವಂತ ಹೆಸರನ್ನೂ ಬದಲಿ ಮಾಡತಾರ. ಕಂಪ್ಯೂಟರ್ ಎಲ್ಲಿ ಹುಡುಕಬೇಕು? ಇದಕ್ಕ ಮಾತ್ರ ನಾನು ಬೇಕಾದೆ. ಹಾಡಾಕ ಅಂತ ಇಂಡಿ, ಅಥಣಿ, ಮಂಗಳವೇಢೆ, ಸೊಲ್ಲಾಪುರದ ಕಡೆ ಎಲ್ಲಾ ತಿರುಗಿದವ. ಊರ ಮಗಳನ್ನ ಯಾವ ಊರಿಗೆ ಕೊಟ್ಟಾರ ಅನ್ನೋದು ನನಗೂ ನನ್ನ ಹೆಂಡತಿಗೂ ಬಾಯಿಪಾಠ. ಛಟ್ಟಿ ಅಮಾಸಿಗೆ ಗುಡ್ಡಾಪುರದ ದಾನಮ್ಮನ ಜಾತ್ರಿಗೆ ಹೆಣ್ಣುಮಕ್ಕಳು ನಡಕೋತ ಬರತಾರ. ಹೆಂಡತಿ ಎರಡು ದಿನ ದಾರಿಯ ಮ್ಯಾಲ ನೀರಿನ ಕೊಡ ಇಟ್ಟುಕೊಂಡು ಕುಂತಳು. ನಮ್ಮ ಸಾಲಿಯಾಗ ಕಲಿತವರನ್ನ ಗುರುತು ಹಿಡಿದು ಹೊಸ ಹೆಸರು, ಗಂಡನ ಊರು ಕೇಳಿ ಮೊಮ್ಮಗನ ಕಡೆ ಬರೆಸಿದಳು. ಒಬ್ಬಾಕಿ ಹೆಸರು ಬರಕೋ ಅಂದಾಗ ಅತ್ತಳಂತ. ಸಾಲಿಯವರು ಕರದಾರ ಅಂತ ಯಾರೂ ಆಕಿಗೆ ಎಂದೂ ಹೇಳಿರಲಿಲ್ಲ.

ಪತ್ರ ಎರಡು ನಮೂನಿ ಬರದೆವು. ಒಂದರಾಗ ಖೋಲಿಗೆ ಎಷ್ಟು ಖರ್ಚು, ಎಷ್ಟು ಬೇಕು ಅಂತ ಲೆಕ್ಕ. ಇನ್ನೊಂದರಾಗ ಅವರವರ ರಜಿಸ್ಟರ್ ಸಾಲಿನ ಫೋಟೋ: ಅವರ ಹೆಸರು, ಸೇರಿದ ದಿನ, ಹಳೆ ಹೆಡ್ ಮಾಸ್ತರರ ಅಕ್ಷರ. ಅರ್ಧ ಮಂದಿಗೆ ಅದು, ಅರ್ಧ ಮಂದಿಗೆ ಇದು. ಫೋಟೋ ಹೋದವರಿಂದ ಫೋನ್ ಬರಾಕ ಹತ್ತಿದವು, ಲೆಕ್ಕ ಹೋದವರು ‘ನೋಡೋಣ’ ಅಂದರು. ಆಮ್ಯಾಲ ಎಲ್ಲಾರಿಗೂ ಫೋಟೋ ಕಳಿಸಿದೆವು. ತಂಗಿ ತವರಿಗೆ ಬಂದ ಕತೆಯ ಲೆಕ್ಕ ಇದು, ಅಳಿಯನಿಗೆ ಮೊದಲ ಹೇಳಿದ್ದೆ.

ಮ್ಯಾಲಿನ ಸಾಲಿನವರು ಯಂತ್ರ ಹೇಳಿದಂಗ ಕೊಟ್ಟರು, ಅದನ್ನ ಒಪ್ಪಬೇಕು. ದೊಡ್ಡ ರೊಕ್ಕ ಅವರಿಂದ ಬಂತು. ತಳದ ಸಾಲಿನವರಾಗ ಒಬ್ಬ ಚಾ ಕುಡಿಸಿ “ಸಾಲಿ ನನಗೇನ ಕೊಟ್ಟೈತಿ?” ಅಂತ ಕೇಳಿ ಕಳಿಸಿದ. ಅವನ ಮಾತಿನಾಗ ತಪ್ಪು ಹುಡುಕಾಕ ನನಗ ಆಗಲಿಲ್ಲ. ಇನ್ನೊಬ್ಬ ಗವಂಡಿ, ರೊಕ್ಕ ಇಲ್ಲ, ಗ್ವಾಡಿ ಕಟ್ಟಿ ಕೊಡತೇನಿ ಅಂದು ಹದಿನೈದು ದಿನ ಪಗಾರ ಇಲ್ಲದ ದುಡಿದ. ನನ್ನ ಬೆಂಚಿನ ಮಗ್ಗಲದವ ಆಂಧ್ರದ ಕಡೆ ಗಲಾಯಿ ಅಂಗಡಿಯಾಗ ಇದ್ದಾನ ಅಂತ ಮೂರು ಮಂದಿಯ ಬಾಯಿಂದ ತಿಳೀತು. ಫೋನ್ ಹಚ್ಚಿ ಹೆಸರು ಹೇಳಿದೆ. “ಯಾವ ಸಾಲಿ?” ಅಂದ ಮೊದಲು. ಆಮ್ಯಾಲ, “ನನ್ನ ಹೆಸರ ಇನ್ನೂ ಐತೇನು ಅದರಾಗ?” ಅಂದ. ಐತಿ ಅಂದೆ. ಕಬ್ಬಿಣದ ಪತ್ರಾ ಎಲ್ಲಾ ಅವನ ಕಡಿಂದ ಬಂದವು.

ಒಂದು ಖೋಲಿ ಮುಗದೈತಿ. ಎರಡನೇದು ಲಿಂಟಲ್ ತನಕ ಬಂದೈತಿ. ಅಳಿಯ ಕಂಪ್ಯೂಟರಿನ ತಕ್ತೆಯಾಗ ಮೂರು ಹೊಸ ಮನಿ ಹಾಕಿ ಗುರುಗಳಿಗೆ ಕೊಟ್ಟು ಹೋಗ್ಯಾನ: ಗಂಡನ ಮನಿ ಹೆಸರು, ಈಗಿನ ಊರು, ರೊಕ್ಕ ಬಿಟ್ಟು ಕೊಟ್ಟದ್ದು ಏನು. ಗೆದ್ದಲು ತಿಂದ ರಜಿಸ್ಟರಿನ ಅರ್ಧ ಹೆಸರು ಇನ್ನೂ ಸಿಕ್ಕಿಲ್ಲ. 1968ರಿಂದ 1971ರ ನಡುವ ನಮ್ಮ ಸಾಲಿಗೆ ಬಂದವರು, ಅವರ ಅಣ್ಣತಮ್ಮಂದಿರು ಅಕ್ಕತಂಗ್ಯಾರು ಇದನ್ನ ಓದಿದರ, ಸಂಜಿ ಆರರ ಮ್ಯಾಲ ವಾಚನಾಲಯಕ್ಕ ಬಂದು ಹೆಸರು ಬರೆಸಿರಿ.