ಅಪ್ಪನ ತೋಟದಲ್ಲಿ ಪುಷ್ಯ ಸಿಕ್ಕಿತು

ಹೋದ ಸಂಕ್ರಾಂತಿಗೆ ಊರಿಗೆ ಹೊರಟಾಗ ಕಾರಿನ ಹಿಂದಿನ ಸೀಟಲ್ಲಿ ಎರಡು ಸಾಮಾನಿದ್ದವು. ಒಂದು, ನಾನು ಮಾರಿಬಿಡೋಣ ಅಂದುಕೊಂಡಿದ್ದ ಟೆಲಿಸ್ಕೋಪು. ಇನ್ನೊಂದು, ಮಾರಿಬಿಡಿ ಅಂತ ಅಪ್ಪನಿಗೆ ಹೇಳಬೇಕಿದ್ದ ತೋಟದ ಕಾಗದಪತ್ರಗಳ ಫೈಲು.

ಮೊದಲು ಟೆಲಿಸ್ಕೋಪಿನ ಕತೆ. 130 ಮಿಲಿಮೀಟರ್ ಕನ್ನಡಿಯ ಪುಟ್ಟ ಡಾಬ್ಸೋನಿಯನ್ ಅದು. ಮೋಟಾರು ಗೀಟಾರು ಏನಿಲ್ಲ, ಕೈಯಲ್ಲೇ ತಿರುಗಿಸಬೇಕು. ಬೆಂಗಳೂರಿನ ತಾರಸಿ ಮೇಲೆ ಚಂದ್ರನ ಕುಳಿ, ಶನಿಯ ಉಂಗುರ ನೋಡಿ ಮೊದಲ ತಿಂಗಳು ಕುಣಿದಾಡಿದ್ದೆ. ಆಮೇಲೆ ‘ಡೀಪ್ ಸ್ಕೈ’ ಹುಚ್ಚು ಹಿಡೀತು. ಅಂದ್ರೆ ಸೌರಮಂಡಲದ ಆಚೆಗಿನ ನಕ್ಷತ್ರ ಗುಚ್ಛ, ನೀಹಾರಿಕೆ, ಗ್ಯಾಲಕ್ಸಿಗಳು. 18ನೇ ಶತಮಾನದಲ್ಲಿ ಶಾರ್ಲ್ ಮೆಸ್ಸಿಯೆ ಅನ್ನೋ ಫ್ರೆಂಚ್ ಖಗೋಳಜ್ಞ, ಧೂಮಕೇತು ಹುಡುಕುವಾಗ ಅಡ್ಡ ಬರುತ್ತಿದ್ದ ಮಸುಕು ಕಲೆಗಳನ್ನೆಲ್ಲ ಪಟ್ಟಿ ಮಾಡಿಟ್ಟ. ಇವತ್ತು ಆ ಪಟ್ಟಿಯಲ್ಲಿ 110 ಕಾಯಗಳಿವೆ. ಹೊಸಬರು ಶುರು ಮಾಡೋದು ಅಲ್ಲಿಂದಲೇ. ಆರು ತಿಂಗಳಲ್ಲಿ ನನಗೆ ಸರಿಯಾಗಿ ಸಿಕ್ಕಿದ್ದು ಎರಡು. ಉಳಿದದ್ದೆಲ್ಲ ಎದುರಿನ ಅಪಾರ್ಟ್‌ಮೆಂಟಿನ ಫ್ಲಡ್‌ಲೈಟ್ ನುಂಗಿತ್ತು.

ಇನ್ನು ಫೈಲಿನ ಕತೆ. ನಮ್ಮೂರು ಹಿರಿಯೂರಿನ ಹತ್ತಿರ. ಮೂರು ಎಕರೆ ತೆಂಗು, ಅಡಿಕೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ಬರೋದೇ ರಾತ್ರಿ. ಹಿಂದಿನ ವರ್ಷ ಒಂದು ರಾತ್ರಿ ನೀರು ಕಟ್ಟಲು ಹೋದ ಅಪ್ಪ ಬದುವಿನಿಂದ ಜಾರಿ ಬಿದ್ದು ಕಾಲು ಮುರ್ಕೊಂಡರು. “ತೋಟ ಕೊಟ್ಟು ಬೆಂಗಳೂರಿಗೆ ಬನ್ನಿ” ಅಂತ ನಾನು ಪಟ್ಟು ಹಿಡಿದೆ. ಮಾತಿಗೆ ಮಾತು ಬೆಳೀತು. ಆಮೇಲೆ ನಮ್ಮ ಫೋನ್ ಮಾತೆಲ್ಲ “ಊಟ ಆಯ್ತಾ?” ಅಷ್ಟಕ್ಕೇ ನಿಂತಿತ್ತು.

ಹಬ್ಬದ ಆಸುಪಾಸಲ್ಲೇ ಅಮಾವಾಸ್ಯೆ ಇತ್ತು. ಎಳ್ಳು ಬೆಲ್ಲ ಎಲ್ಲ ಮುಗಿದ ಮೇಲೆ, ಆ ರಾತ್ರಿ ಕರೆಂಟ್ ಬರೋದು 11ಕ್ಕೆ ಅಂತ ಗೊತ್ತಾಯ್ತು. ಅಪ್ಪ ತೋಟಕ್ಕೆ ಹೊರಟರು. ನಾನೂ ಟೆಲಿಸ್ಕೋಪ್ ಹೊತ್ಕೊಂಡು ಹಿಂದೆ ಹೋದೆ. ತೋಟದ ಅಂಚಲ್ಲಿ ಪಂಪ್‌ಮನೆ, ಆಚೆಗೆ ಬಯಲು. ನೀರಿನ ತೊಟ್ಟಿಯ ಕಟ್ಟೆ ಮೇಲೆ ಟೆಲಿಸ್ಕೋಪ್ ಇಟ್ಟು ತಲೆ ಎತ್ತಿದೆ. ಇಷ್ಟೊಂದು ಚುಕ್ಕೆ ಕಂಡು, ಯಾವುದು ಯಾವುದು ಅಂತಾನೇ ಗೊತ್ತಾಗದೆ ತಬ್ಬಿಬ್ಬಾದೆ.

ಮೊದಲು ಆಂಡ್ರೊಮಿಡ ಗ್ಯಾಲಕ್ಸಿ, ಅಂದ್ರೆ ಎಂ31. ಜನವರಿಯಲ್ಲಿ ಅದು ಬೇಗ ಪಶ್ಚಿಮಕ್ಕೆ ಇಳಿಯುತ್ತೆ. ವಾಯವ್ಯದಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರದ ಹಾಗೆ ಕ್ಯಾಸಿಯೋಪಿಯ ಕಾಣುತ್ತೆ. ಅದರ ಚೂಪಾದ ಮೂಲೆ ಬೆರಳು ತೋರಿಸೋ ದಿಕ್ಕಿಗೆ ಹೋದರೆ ಸಿಗುತ್ತೆ. 25 ಮಿಲಿಮೀಟರ್ ಐಪೀಸ್ ಹಾಕಿದ್ದೆ, 26 ಪಟ್ಟು ದೊಡ್ಡದಾಗಿ ತೋರಿಸೋದು. ಹುಡುಕೋದಕ್ಕೆ ಯಾವಾಗಲೂ ಕಡಿಮೆ ಪಟ್ಟಿನದೇ ವಾಸಿ, ಆಕಾಶದ ಅಗಲ ಭಾಗ ಕಾಣುತ್ತೆ. ಹೊಗೆ ಉಂಡೆಯಂಥದ್ದು ಏನೋ ಕಂಡಿತು, ದಿಟ್ಟಿಸಿದರೆ ಮಾಯ. ಆ್ಯಪ್‌ನಲ್ಲಿ ಜಾಗ ಖಚಿತ ಮಾಡಿಕೊಳ್ಳೋಣ ಅಂತ ಮೊಬೈಲ್ ತೆಗೆದೆ.

“ಆರ್ಸೋ ಅದನ್ನ” ಅಂದರು ಅಪ್ಪ. “ಬೆಳಕು ಬಿದ್ರೆ ಕಣ್ಣು ಮತ್ತೆ ಹದಕ್ಕೆ ಬರೋಕೆ ಅರ್ಧ ಗಂಟೆ ಬೇಕು. ದಿಟ್ಟಿಸ್ಬೇಡ, ಸ್ವಲ್ಪ ಪಕ್ಕಕ್ಕೆ ನೋಡು. ಕತ್ತಲಲ್ಲಿ ಬದು ಹಂಗೇ ಕಾಣೋದು.”

ಇದನ್ನೇ ಹವ್ಯಾಸಿಗಳು ಓರೆನೋಟ ಅಂತ ಕಲಿಸೋದು. ಕಣ್ಣಿನ ಮಧ್ಯಭಾಗ ಬಣ್ಣ, ವಿವರ ಚೆನ್ನಾಗಿ ಗುರುತಿಸುತ್ತೆ, ಮಂದ ಬೆಳಕು ಹಿಡಿಯೋ ಜೀವಕೋಶಗಳಿರೋದು ಅದರ ಸುತ್ತ. ನಾನು ಓದಿದ್ದೆ, ಅಪ್ಪ ಮೂವತ್ತು ವರ್ಷದಿಂದ ಬಳಸ್ತಾ ಇದ್ದರು. ಪಕ್ಕಕ್ಕೆ ನೋಡಿದೆ. ಹೊಗೆ ಉಂಡೆ ಉದ್ದಕ್ಕೆ ಚಾಚಿಕೊಂಡಿತು. 25 ಲಕ್ಷ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ!

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಆವತ್ತು ಬಿದ್ದಿದ್ದೂ ಅದಕ್ಕೇ ಕಣೋ. ನಿನ್ನ ಫೋನ್ ಬಂತು. ತೆಗೆದು ನೋಡ್ದೆ, ಕಣ್ಣು ಕತ್ತಲಾಯ್ತು, ಕಾಲು ತಪ್ತು. ಮೂವತ್ತು ವರ್ಷದಿಂದ ನಡೆಯೋ ಬದು ಅದು.”

ಒಂದು ವರ್ಷ ಅವರು ಇದನ್ನ ನನಗೆ ಹೇಳಿರಲಿಲ್ಲ. ನಾನು ಏನೂ ಹೇಳಲಾಗದೆ ಐಪೀಸಿಗೆ ಕಣ್ಣಿಟ್ಟು ನಿಂತೆ.

ಆಮೇಲೆ ಒಂದೊಂದಾಗಿ ತೋರಿಸಿದೆ. ನೆತ್ತಿಯ ಹತ್ತಿರ ಕೃತ್ತಿಕೆ: ಬರಿಗಣ್ಣಿಗೆ ಆರೇಳು ಚುಕ್ಕೆ, ಟೆಲಿಸ್ಕೋಪಿನಲ್ಲಿ ನೀಲಿ ಬಿಳಿ ಹರಳು ಚೆಲ್ಲಿದ ಹಾಗೆ. ಪೂರ್ವದಲ್ಲಿ ಮಹಾವ್ಯಾಧನ ಸೊಂಟದ ಮೂರು ಚುಕ್ಕೆಗಳ ಸಾಲು. ಅದರ ಬಲಕ್ಕೆ, ಸ್ವಲ್ಪ ಕೆಳಗೆ, ಓರಾಯನ್ ನೀಹಾರಿಕೆ. ಫೋಟೋದ ಗುಲಾಬಿ ಬಣ್ಣ ಇಲ್ಲಿ ಕಾಣಲ್ಲ, ಬೂದುಬಣ್ಣದ ರೆಕ್ಕೆ ಬಿಚ್ಚಿದಂತಿರುತ್ತೆ. 10 ಮಿಲಿಮೀಟರ್ ಐಪೀಸ್ ಹಾಕಿದರೆ ನಡುವೆ ನಾಲ್ಕು ಪುಟ್ಟ ನಕ್ಷತ್ರ. “ಅಲ್ಲಿ ಹೊಸ ನಕ್ಷತ್ರ ಹುಟ್ತಾ ಇವೆ ಅಪ್ಪ” ಅಂದೆ.

“ಪುಷ್ಯ ಎಲ್ಲಿದೆ?” ಅಂತ ಕೇಳಿದರು.

ಪುಷ್ಯ ಮಳೆ ಗೊತ್ತು, ಜುಲೈ ಕೊನೆಯದು. ಆದರೆ ನಕ್ಷತ್ರ? ಯೋಚಿಸಿದಾಗ ಹೊಳೀತು. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆ ಮಳೆಗೆ ಅದೇ ಹೆಸರು. ಹಾಗಾಗಿ ಪುಷ್ಯ ಮಳೆ ಹೊತ್ತಿಗೆ ಪುಷ್ಯ ರಾತ್ರಿ ಕಾಣಲ್ಲ. ಕಾಣೋದು ಮಳೆಯಿಲ್ಲದ ಈ ಚಳಿಗಾಲದಲ್ಲೇ.

10ರ ಹೊತ್ತಿಗೆ ಅದು ಪೂರ್ವದಲ್ಲಿ ಮೇಲೆ ಬಂದಿತ್ತು. ಮಿಥುನದ ಅವಳಿ ಚುಕ್ಕೆಗಳಿಗೂ ಕೆಳಗಿನ ಮಘಾ ನಕ್ಷತ್ರಕ್ಕೂ ನಡುವೆ ಬರಿಗಣ್ಣಿಗೆ ಮಂಜಿನ ಚುಕ್ಕೆ. ಮೆಸ್ಸಿಯೆ ಪಟ್ಟಿಯಲ್ಲಿ ಅದು ಎಂ44, ಜೇನುಗೂಡು ಗುಚ್ಛ. ಸುಮಾರು 600 ಜ್ಯೋತಿರ್ವರ್ಷ ದೂರ. ಗೆಲಿಲಿಯೊ ಕೂಡ ತನ್ನ ಟೆಲಿಸ್ಕೋಪಿನಲ್ಲಿ ಈ ಮಂಜನ್ನ ಬಿಡಿ ಬಿಡಿ ನಕ್ಷತ್ರಗಳಾಗಿ ಕಂಡಿದ್ದ. ಅಪ್ಪ ಕಟ್ಟೆಗೆ ಒರಗಿ ತುಂಬ ಹೊತ್ತು ನೋಡಿದರು.

“ಇಷ್ಟು ವರ್ಷ ಪುಷ್ಯ ಮಳೆ ಎಣಿಸಿದೀನಿ. ಪುಷ್ಯ ಹಿಂಗಿರುತ್ತೆ ಅಂತ ಗೊತ್ತಿರ್ಲಿಲ್ಲ.”

11ಕ್ಕೆ ಕರೆಂಟ್ ಬಂತು. ಅವರು ಟಾರ್ಚಿಲ್ಲದೆ ಬದು ಹಿಡಿದು ಹೋದರು. ನಾನು ಹಿಂದೆಯೇ ನಡೆದೆ, ಪಕ್ಕಕ್ಕೆ ನೋಡಿಕೊಂಡು.

ತೋಟದ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಅಪ್ಪನಿಗೆ ವಯಸ್ಸಾಗ್ತಿದೆ, ನನ್ನ ಭಯ ಹೋಗಿಲ್ಲ. ಆದರೆ ಈಗ ರಾತ್ರಿ ಕರೆಂಟಿನ ವಾರಗಳಲ್ಲಿ ಎಂಟರ ಒಳಗೇ ಫೋನ್ ಮಾಡ್ತೀನಿ.

ನಿಮ್ಮ ಟೆಲಿಸ್ಕೋಪೂ ಮೂಲೆ ಸೇರಿದ್ದರೆ, ಮಾರುವ ಮೊದಲು ಒಂದು ಸಲ ಊರಿಗೆ ಒಯ್ಯಿರಿ. ಅಮಾವಾಸ್ಯೆ ಆಸುಪಾಸು ನೋಡಿ ಹೋಗಿ, ಮೊಬೈಲ್ ಒಳಗಿಡಿ, ಅರ್ಧ ಗಂಟೆ ಕತ್ತಲಲ್ಲಿ ಕೂತಿರಿ. ಶಿವರಾತ್ರಿ ಜಾಗರಣೆಯಂತೂ ಹೇಳಿ ಮಾಡಿಸಿದ್ದು, ನಸುಕಿನವರೆಗೂ ಚಂದ್ರನ ಕಾಟ ಇರಲ್ಲ. ಬೆಳಗಿನ ಜಾವ ಮೂರರ ಮೇಲೆ ದಕ್ಷಿಣಕ್ಕೆ ತಿರುಗಿಸಿದರೆ ಒಮೆಗಾ ಸೆಂಟಾರಿ, ಲಕ್ಷ ಲಕ್ಷ ನಕ್ಷತ್ರಗಳ ಉಂಡೆ ಸಿಗುತ್ತೆ. ನಾನೂ ಆವತ್ತು ಊರಲ್ಲಿರ್ತೀನಿ.

ಅಂದಹಾಗೆ, ಫೈಲು ನನ್ನ ಜೊತೆ ಬೆಂಗಳೂರಿಗೆ ವಾಪಸ್ ಬಂತು. ಟೆಲಿಸ್ಕೋಪು ಪಂಪ್‌ಮನೆಯಲ್ಲೇ ಉಳೀತು.