ಒಂದೇ ಬಾವಿಯ ನೀರು

ಸಂಗೀತಕ್ಕೆ ಜಾತಿಯಿಲ್ಲ ಎಂದು ವೇದಿಕೆಯಲ್ಲಿ ನಿಂತು ಹೇಳುವುದು ಸುಲಭ. ಆದರೆ ಸಂಗೀತ ಹುಟ್ಟುವುದು ಮನುಷ್ಯರ ನಡುವೆ. ಮನುಷ್ಯರಿಗೆ ಜಾತಿಯಿದೆ, ಬಣ್ಣವಿದೆ, ಕೇರಿಯಿದೆ. ಹಾಗಾಗಿ ಹಾಡಿಗೂ ಒಂದು ಕೇರಿಯನ್ನು ಗುರುತು ಮಾಡಿಕೊಡಲಾಗುತ್ತದೆ. ಆ ಗುರುತನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಕೇಳುವವರು ಕಡಿಮೆ. ನನ್ನನ್ನು ಹಾಗೆ ಕೇಳುವಂತೆ ಮಾಡಿದ್ದು ಅಮೆರಿಕದ ಒಂದು ಧ್ವನಿಮುದ್ರಿಕೆ. ಅದರ ಹೆಸರು ‘ಟು ಮೆನ್ ವಿತ್ ದ ಬ್ಲೂಸ್’. 2007ರ ಜನವರಿ 12 ಮತ್ತು 13ರಂದು ನ್ಯೂಯಾರ್ಕಿನ ‘ಜಾಝ್ ಅಟ್ ಲಿಂಕನ್ ಸೆಂಟರ್’ನಲ್ಲಿ ನಡೆದ ಕಛೇರಿಗಳನ್ನು ಸಭಿಕರ ಚಪ್ಪಾಳೆಯ ಸಮೇತ ಮುದ್ರಿಸಿಕೊಂಡು ‘ಬ್ಲೂ ನೋಟ್’ ಕಂಪೆನಿ 2008ರ ಜುಲೈಯಲ್ಲಿ ಹೊರತಂದಿತು.

ಆ ಇಬ್ಬರಲ್ಲಿ ಒಬ್ಬರು ವಿಲ್ಲಿ ನೆಲ್ಸನ್. 1933ರಲ್ಲಿ ಟೆಕ್ಸಾಸಿನ ಆಬಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಅಜ್ಜ ಅಜ್ಜಿಯ ಆಸರೆಯಲ್ಲಿ ಬೆಳೆದು, ಎಳೆಯ ಪ್ರಾಯದಲ್ಲೇ ಹತ್ತಿ ಬಿಡಿಸಲು ಹೊಲಕ್ಕಿಳಿದವರು. ಉದ್ದ ಜಡೆ, ಹಣೆಗೆ ಕಟ್ಟಿದ ಬಟ್ಟೆ, ಕೈಯಲ್ಲಿ ಸವೆದು ಸವೆದು ತೂತು ಬಿದ್ದ ಹಳೆಯ ಗಿಟಾರ್. 1969ರಲ್ಲಿ ಕೊಂಡ ಆ ಗಿಟಾರನ್ನು ಅವರು ಬದಲಾಯಿಸಲೇ ಇಲ್ಲ. ‘ಕಂಟ್ರಿ’ ಎಂದು ಕರೆಯುವ ಹಳ್ಳಿಗಾಡಿನ ಬಿಳಿಯರ ಹಾಡಿನ ಪರಂಪರೆಗೆ ಸೇರಿದವರು.

ಇನ್ನೊಬ್ಬರು ವಿಂಟನ್ ಮಾರ್ಸಾಲಿಸ್. 1961ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ ಕಪ್ಪು ಜನಾಂಗದ ಟ್ರಂಪೆಟ್ ವಾದಕ. ತಂದೆ ಎಲ್ಲಿಸ್ ಮಾರ್ಸಾಲಿಸ್ ಪಿಯಾನೋ ವಾದಕರು, ಹಲವು ತಲೆಮಾರಿನ ಕಲಾವಿದರಿಗೆ ಗುರುಗಳು. 2020ರಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು. ಸದಾ ಸೂಟು ಟೈ ಧರಿಸುವ ವಿಂಟನ್, ಗುಲಾಮಗಿರಿಯ ಕಥೆಯನ್ನು ಹೇಳುವ ತಮ್ಮ ‘ಬ್ಲಡ್ ಆನ್ ದ ಫೀಲ್ಡ್ಸ್’ ಕೃತಿಗಾಗಿ 1997ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು. ಜಾಝ್ ಸಂಗೀತಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅವರ ಮೇಲೆ ಒಂದು ದೂರೂ ಇತ್ತು. ಜಾಝ್ ಎಂದರೆ ಇದು, ಇದಲ್ಲ ಎಂದು ಗೆರೆ ಎಳೆಯುವವರು, ಮಡಿವಂತರು ಎಂದು ವಿಮರ್ಶಕರು ಅವರನ್ನು ಚುಚ್ಚುತ್ತಿದ್ದರು.

ಒಬ್ಬರು ರಸ್ತೆಬದಿಯ ಹೋಟೆಲುಗಳಲ್ಲಿ ಹಾಡಿ ಬೆಳೆದವರು, ಇನ್ನೊಬ್ಬರು ದೊಡ್ಡ ಸಂಸ್ಥೆ ಕಟ್ಟಿದವರು. ಇಬ್ಬರ ನಡುವೆ ವಯಸ್ಸಿನಲ್ಲೂ ಸುಮಾರು ಮೂವತ್ತು ವರ್ಷಗಳ ಅಂತರ. ಇವರು ಒಟ್ಟಿಗೆ ಕೂತರೆ ಏನನ್ನು ನುಡಿಸಬೇಕು? ಅವರು ಆರಿಸಿಕೊಂಡದ್ದು ಬ್ಲೂಸನ್ನು.

ಬ್ಲೂಸಿನ ಕಟ್ಟು ಬಹಳ ಸರಳ. ಸಾಮಾನ್ಯವಾಗಿ ಹನ್ನೆರಡು ಆವರ್ತನಗಳ ಒಂದು ಸುತ್ತು, ಮೂರು ಸಾಲುಗಳು. ಮೊದಲ ಸಾಲಿನಲ್ಲಿ ಕಷ್ಟವನ್ನು ಹೇಳುತ್ತಾರೆ. ಎರಡನೆಯ ಸಾಲಿನಲ್ಲಿ ಅದನ್ನೇ ಮತ್ತೊಮ್ಮೆ ಹೇಳುತ್ತಾರೆ. ಮೂರನೆಯದರಲ್ಲಿ ಅದಕ್ಕೊಂದು ಉತ್ತರ ಬರುತ್ತದೆ. ಕೆಲವೊಮ್ಮೆ ನಗು, ಕೆಲವೊಮ್ಮೆ ನಿಟ್ಟುಸಿರು. ಹಾಡುಗಾರ ಸಾಲಿನ ಅರ್ಧದಲ್ಲಿ ಮಾತು ನಿಲ್ಲಿಸುತ್ತಾನೆ, ಉಳಿದ ಜಾಗದಲ್ಲಿ ವಾದ್ಯ ಉತ್ತರ ಕೊಡುತ್ತದೆ. ಅಂದರೆ ಇನ್ನೊಬ್ಬನಿಗೆ ಜಾಗ ಬಿಡದೆ ಬ್ಲೂಸ್ ಹಾಡಲಾಗದು. ಈ ಧ್ವನಿಮುದ್ರಿಕೆಯ ಸೊಗಸು ಇರುವುದು ಅಲ್ಲೇ. ವಿಲ್ಲಿ ನೆಲ್ಸನ್ ತಾಳದ ಜೊತೆ ನೇರವಾಗಿ ನಡೆಯುವವರಲ್ಲ. ಒಮ್ಮೆ ಹಿಂದೆ ಉಳಿಯುತ್ತಾರೆ, ಒಮ್ಮೆ ಮುಂದೆ ಹೋಗಿ ಕಾಯುತ್ತಾರೆ. ಬಾಸ್ ನುಡಿಸುವ ಕಾರ್ಲೋಸ್ ಹೆನ್ರಿಕೇಝ್, ಡ್ರಮ್ಸ್ ನುಡಿಸುವ ಅಲಿ ಜಾಕ್ಸನ್ ತಾಳವನ್ನು ಅಲುಗದಂತೆ ಹಿಡಿದಿಟ್ಟುಕೊಂಡದ್ದರಿಂದ ಮುದುಕನಿಗೆ ಹೀಗೆ ಅಲೆಯಲು ಧೈರ್ಯ ಬಂದಿದೆ. ಅವರು ನಿಲ್ಲಿಸಿದಲ್ಲಿ ವಿಂಟನ್ ಅವರ ಟ್ರಂಪೆಟ್ ಮಾತಾಡುತ್ತದೆ, ಅದರ ಹಿಂದೆ ಮಿಕ್ಕಿ ರಫೇಲ್ ಅವರ ಮೌತ್ ಆರ್ಗನ್ ದೂರದಲ್ಲಿ ಹೋಗುವ ರೈಲಿನ ಹಾಗೆ ಕೇಳಿಸುತ್ತದೆ.

ಇಲ್ಲಿ ಯಾರೂ ತಮ್ಮದನ್ನು ಬಿಟ್ಟುಕೊಟ್ಟಿಲ್ಲ. ವಿಲ್ಲಿ ಜಾಝ್ ಗಾಯಕನ ವೇಷ ಹಾಕಿಲ್ಲ. ವಿಂಟನ್ ಹ್ಯಾಟು ಧರಿಸಿ ಕೌಬಾಯ್ ಆಗಿಲ್ಲ. ಎರಡು ಮನೆಯವರು ಸೇರಬೇಕಾದರೆ ಯಾರಾದರೂ ಒಬ್ಬರು ತಮ್ಮ ಮನೆ ಕೆಡವಬೇಕು ಎಂದು ನಾವು ಭಾವಿಸಿಕೊಂಡಿರುತ್ತೇವೆ. ಅವರಿಬ್ಬರು ಹಾಗೆ ಮಾಡದೆ ಎರಡೂ ಹಿತ್ತಿಲಿಗೆ ಸೇರಿದ ಹಳೆಯ ಬಾವಿಯ ಬಳಿಗೆ ಹೋದರು.

ಈ ಬಾವಿಗೆ ಅಡ್ಡಗೋಡೆ ಕಟ್ಟಿದವರು ಯಾರು? 1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಹೆಣ್ಣುಮಗಳು ಹಾಡಿದ ‘ಕ್ರೇಝಿ ಬ್ಲೂಸ್’ ತಟ್ಟೆ ಭರ್ಜರಿಯಾಗಿ ಮಾರಾಟವಾಯಿತು. ಕಪ್ಪು ಜನರೂ ದುಡ್ಡು ಕೊಟ್ಟು ತಟ್ಟೆ ಕೊಳ್ಳುತ್ತಾರೆ ಎಂಬುದು ಕಂಪೆನಿಗಳಿಗೆ ಗೊತ್ತಾದದ್ದು ಆಗಲೇ. ಅವರಿಗಾಗಿ ‘ರೇಸ್ ರೆಕಾರ್ಡ್ಸ್’ ಎಂಬ ಬೇರೆ ಪಟ್ಟಿ ತಯಾರಾಯಿತು, ಬಡ ಬಿಳಿಯರಿಗಾಗಿ ‘ಹಿಲ್‌ಬಿಲ್ಲಿ’ ಎಂಬ ಇನ್ನೊಂದು ಪಟ್ಟಿ. ಹೊಲದಲ್ಲಿ, ರೈಲು ಹಳಿಯ ಮೇಲೆ, ಸಂತೆಯಲ್ಲಿ ಒಬ್ಬರಿಂದೊಬ್ಬರು ಕಲಿತ ಹಾಡುಗಳು ಅಂಗಡಿಗೆ ಬರುವಾಗ ಬೇರೆ ಬೇರೆ ಕಪಾಟು ಸೇರಿದವು. 1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ಈ ಹೆಸರುಗಳನ್ನು ‘ರಿದಮ್ ಅಂಡ್ ಬ್ಲೂಸ್’, ‘ಕಂಟ್ರಿ ಅಂಡ್ ವೆಸ್ಟರ್ನ್’ ಎಂದು ಬದಲಾಯಿಸಿತು. ಹೆಸರು ಬದಲಾಯಿತು, ಗೋಡೆ ಅಲ್ಲೇ ಉಳಿಯಿತು.

ಗೋಡೆಯ ಕೆಳಗೆ ನೀರು ಮಾತ್ರ ಹರಿಯುತ್ತಲೇ ಇತ್ತು. 1930ರ ಜುಲೈಯಲ್ಲಿ, ಕಂಟ್ರಿ ಸಂಗೀತದ ಮೂಲಪುರುಷ ಎನಿಸಿದ ಬಿಳಿಯ ಗಾಯಕ ಜಿಮ್ಮಿ ರಾಜರ್ಸ್ ಲಾಸ್ ಏಂಜಲಿಸಿನಲ್ಲಿ ‘ಬ್ಲೂ ಯೋಡೆಲ್ ನಂಬರ್ 9’ ಮುದ್ರಿಸಿದಾಗ ಪಕ್ಕದಲ್ಲಿ ಟ್ರಂಪೆಟ್ ನುಡಿಸಿದವರು ಲೂಯಿ ಆರ್ಮ್‌ಸ್ಟ್ರಾಂಗ್. ಪಿಯಾನೋದಲ್ಲಿ ಅವರ ಪತ್ನಿ ಲಿಲ್. ತಟ್ಟೆಯ ಮೇಲೆ ಅವರಿಬ್ಬರ ಹೆಸರು ಬರಲಿಲ್ಲ. ಕಂಟ್ರಿಯ ಇನ್ನೊಬ್ಬ ದಿಗ್ಗಜ ಹ್ಯಾಂಕ್ ವಿಲಿಯಮ್ಸ್ ಗಿಟಾರ್ ಕಲಿತದ್ದು ಅಲಬಾಮದ ಬೀದಿಯಲ್ಲಿ ಹಾಡುತ್ತಿದ್ದ ರೂಫಸ್ ಪೇನ್ ಎಂಬ ಕಪ್ಪು ಮನುಷ್ಯನಿಂದ. ಅದೇ ಹ್ಯಾಂಕ್ ವಿಲಿಯಮ್ಸ್ 1949ರಲ್ಲಿ ಮುದ್ರಿಸಿದ, ತೂತು ಬಿದ್ದ ಬಕೆಟ್ಟಿನ ಬಗೆಗಿನ ಹಾಡನ್ನು ವಿಲ್ಲಿ ಮತ್ತು ವಿಂಟನ್ ಈ ಕಛೇರಿಯಲ್ಲಿ ಹಾಡಿದ್ದಾರೆ. ಅದು ನ್ಯೂ ಆರ್ಲಿಯನ್ಸಿನ ಜಾಝ್ ತಂಡಗಳಿಗೂ ಅಷ್ಟೇ ಹಳೆಯ ಸ್ವತ್ತು. ಎರಡೂ ಕಡೆಯವರು ಅದನ್ನು ನಮ್ಮದು ಎನ್ನಬಹುದು. ಎರಡೂ ಕಡೆಯವರ ಮಾತು ನಿಜವೇ.

ಡಿಫೋರ್ಡ್ ಬೇಲಿ ಅವರ ಕಥೆ ಇದಕ್ಕಿಂತ ಕಹಿ. ನ್ಯಾಶ್‌ವಿಲ್‌ನ ‘ಗ್ರಾಂಡ್ ಓಲ್ ಆಪ್ರಿ’ ಎಂಬ ರೇಡಿಯೋ ಕಾರ್ಯಕ್ರಮ ಕಂಟ್ರಿ ಸಂಗೀತದ ದೇವಡಿ. ಅದರ ಮೊದಲ ತಾರೆಗಳಲ್ಲಿ ಒಬ್ಬರು ಮೌತ್ ಆರ್ಗನ್ನಿನಲ್ಲಿ ರೈಲಿನ ಸದ್ದು ಹೊರಡಿಸುತ್ತಿದ್ದ ಈ ಕಪ್ಪು ಕಲಾವಿದ. ಬಿಳಿಯರ ಜೊತೆ ಊರೂರು ಸುತ್ತುವಾಗ ಅವರಿಗೆ ಹೋಟೆಲುಗಳಲ್ಲಿ ಕೋಣೆ ಸಿಗುತ್ತಿರಲಿಲ್ಲ. 1941ರಲ್ಲಿ ಅವರನ್ನು ಕಾರ್ಯಕ್ರಮದಿಂದ ತೆಗೆದುಹಾಕಲಾಯಿತು. ಆಮೇಲೆ ಬೂಟು ಪಾಲಿಶ್ ಮಾಡುವ ಅಂಗಡಿ ಇಟ್ಟುಕೊಂಡು ಬದುಕಿದರು. ಕಂಟ್ರಿ ಸಂಗೀತದ ಗೌರವ ಪಟ್ಟಿಗೆ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಹೋಗಿ ಎರಡು ದಶಕಗಳ ಮೇಲಾಗಿತ್ತು. ರಫೇಲ್ ಅವರ ಮೌತ್ ಆರ್ಗನ್ ಕೇಳುವಾಗ ನನಗೆ ಬೇಲಿ ನೆನಪಾಗುತ್ತಾರೆ.

ನಮ್ಮ ಮನೆಗೆ ಇಂಥ ಹಾಡುಗಳು ಬಂದದ್ದು ಗಲ್ಫಿನ ದಾರಿಯಿಂದ. ರಜೆಗೆ ಬಂದ ಭಾವ ಸೆಂಟು, ಟೈಗರ್ ಬಾಮ್‌ಗಳ ಜೊತೆಗೆ ಒಂದು ಟೇಪ್ ರೆಕಾರ್ಡರ್ ಮತ್ತು ಕೆಲವು ಇಂಗ್ಲಿಷ್ ಕ್ಯಾಸೆಟ್ಟುಗಳನ್ನು ಬಿಟ್ಟುಹೋಗಿದ್ದರು. ಸಂಗೀತ ಹರಾಮೋ ಅಲ್ಲವೋ ಎಂಬ ಚರ್ಚೆ ಮನೆಯಲ್ಲಿ ಮುಗಿದದ್ದೇ ಇಲ್ಲ. ಬಾಂಗ್ ಕೇಳಿಸಿದರೆ ಟೇಪ್ ನಿಲ್ಲಬೇಕು, ಅಷ್ಟು ಮಾತ್ರ ಎಲ್ಲರಿಗೂ ಒಪ್ಪಿಗೆಯಿತ್ತು. ಆ ಕ್ಯಾಸೆಟ್ಟುಗಳಲ್ಲಿ ಬ್ಲೂಸಿನದೂ ಒಂದಿತ್ತು. ಅದನ್ನು ಕೇಳಿದ ಉಮ್ಮ, “ಇವ ಅಳುವುದಾ, ಹಾಡುವುದಾ?” ಎಂದು ಕೇಳಿದ್ದರು. ಇಂಗ್ಲಿಷಿನ ಒಂದಕ್ಷರವೂ ಗೊತ್ತಿಲ್ಲದ ಅವರ ಪ್ರಶ್ನೆಗಿಂತ ಚೆನ್ನಾಗಿ ಬ್ಲೂಸನ್ನು ವಿವರಿಸುವ ವಾಕ್ಯ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಆ ಕಂಠಕ್ಕೂ ನಮಗೂ ಒಂದು ದೂರದ ನಂಟಿದೆ ಎಂಬುದು ಗೊತ್ತಾದದ್ದು ಬಹಳ ವರ್ಷಗಳ ನಂತರ. ಅಮೆರಿಕಕ್ಕೆ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರಲ್ಲಿ ಸೆನೆಗಲ್, ಗ್ಯಾಂಬಿಯಾ, ಮಾಲಿ ಕಡೆಯ ಮುಸ್ಲಿಮರೂ ಇದ್ದರು. ಉತ್ತರ ಕೆರೊಲಿನಾದಲ್ಲಿ ಗುಲಾಮರಾಗಿದ್ದ ಉಮರ್ ಇಬ್ನ್ ಸಯೀದ್ 1831ರಲ್ಲಿ ಅರಬಿಯಲ್ಲಿ ಬರೆದ ಆತ್ಮಕಥೆ ಇಂದಿಗೂ ಉಳಿದಿದೆ. ಇತಿಹಾಸಕಾರ್ತಿ ಸಿಲ್ವಿಯಾನ್ ಡಿಯೂಫ್ ಇವರ ಬದುಕನ್ನು ಹುಡುಕಿ ಬರೆದಿದ್ದಾರೆ. ಹೊಲಗಳಲ್ಲಿ, ನದಿಯ ದಂಡೆಗಳಲ್ಲಿ ದುಡಿಯುವಾಗ ಕಪ್ಪು ಜನರು ಒಂಟಿಯಾಗಿ ಎತ್ತುತ್ತಿದ್ದ ದೀರ್ಘ ಕೂಗುಗಳಿಂದ ಬ್ಲೂಸ್ ಬೆಳೆಯಿತು. ಆ ಕೂಗಿನಲ್ಲಿ ದನಿ ಎಳೆಯುವ, ನಡುಗಿಸುವ, ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ನಡೆಸುವ ಕ್ರಮ ಪಶ್ಚಿಮ ಆಫ್ರಿಕದ ಅಜಾನ್ ಮತ್ತು ಪಠಣದ ಅಭ್ಯಾಸಕ್ಕೆ ಹತ್ತಿರವಿದೆ ಎಂಬುದು ಅವರ ವಾದ. ಅಜಾನ್ ಹಾಡಲ್ಲ, ಅದು ಕರೆ. ಇಲ್ಲಿ ಮಾತು ಕಂಠದ ಅಭ್ಯಾಸದ ಬಗ್ಗೆ ಮಾತ್ರ. ಇದನ್ನು ಒಪ್ಪುವವರೂ ಇದ್ದಾರೆ, ಪ್ರಶ್ನಿಸುವವರೂ ಇದ್ದಾರೆ. ಆದರೆ 1739ರ ಸ್ಟೋನೊ ದಂಗೆಯ ನಂತರ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಡೋಲು ಬಾರಿಸುವುದನ್ನು ಕಾನೂನು ಮಾಡಿ ನಿಷೇಧಿಸಿದ್ದು ದಾಖಲೆಯಲ್ಲಿದೆ. ಡೋಲನ್ನು ಕಸಿದುಕೊಂಡಲ್ಲಿ ಕಂಠ ಮತ್ತು ತಂತಿ ಉಳಿದವು. ಕಂಟ್ರಿ ಸಂಗೀತದ ಗುರುತೇ ಆಗಿರುವ ಬ್ಯಾಂಜೋ ಆಫ್ರಿಕದಿಂದ ಬಂದವರು ಅಲ್ಲಿ ಕಟ್ಟಿಕೊಂಡ ವಾದ್ಯ.

ಇದನ್ನೆಲ್ಲ ಓದಿ, ಬ್ಲೂಸ್ ನಮ್ಮದು ಎಂದು ಎದೆ ತಟ್ಟಿಕೊಳ್ಳುವ ಆಸೆ ಯಾರಿಗಾದರೂ ಬರಬಹುದು. ಅದೂ ಒಂದು ಅಡ್ಡಗೋಡೆಯೇ. ಹೆಸರು, ಭಾಷೆ, ಮಕ್ಕಳು, ಕೊನೆಗೆ ಪ್ರಾರ್ಥನೆ ಎಲ್ಲವನ್ನೂ ಕಳೆದುಕೊಂಡವರ ಕೂಗು ಅದು. ಅದರ ಒಡೆತನ ಕೇಳುವ ಮೊದಲು ಅದರ ಋಣ ಒಪ್ಪಿಕೊಳ್ಳಬೇಕು.

ಈ ಧ್ವನಿಮುದ್ರಿಕೆಯ ಬಗ್ಗೆ ನನಗೊಂದು ಇರಿಸುಮುರಿಸೂ ಇದೆ. ಕಛೇರಿ ನಡೆದದ್ದು ಮ್ಯಾನ್‌ಹಟನ್‌ನ ಶ್ರೀಮಂತ ಕಟ್ಟಡವೊಂದರಲ್ಲಿ, ಸೆಂಟ್ರಲ್ ಪಾರ್ಕ್ ಕಾಣುವ ಗಾಜಿನ ಗೋಡೆಯ ಮುಂದೆ. ಬಡವರ ಸಂಕಟದ ಹಾಡು ಅಲ್ಲಿ ಸಂಜೆಯ ರಂಜನೆಯಾಗುವುದಿಲ್ಲವೇ? ಆಗುತ್ತದೆ. ಆದರೆ ‘ನೈಟ್ ಲೈಫ್’ ಹಾಡು ಬಂದಾಗ ನಾನು ಸ್ವಲ್ಪ ಮೆದುವಾಗುತ್ತೇನೆ. ಅದನ್ನು ವಿಲ್ಲಿ ನೆಲ್ಸನ್ ಕಷ್ಟದ ದಿನಗಳಲ್ಲಿ ಬರೆದು, ಸಂಸಾರ ಸಾಗಿಸಲು ನೂರೈವತ್ತು ಡಾಲರಿಗೆ ಮಾರಿಬಿಟ್ಟಿದ್ದರು. ಆಮೇಲೆ ಅದನ್ನು ಹಾಡಿ ಹೆಸರು ಮಾಡಿದವರು ಬೇರೆಯವರು. ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಗಾಜಿನ ಗೋಡೆಯ ಮುಂದೆ ಕೂತು, ಆತ ಅದೇ ಹಾಡನ್ನು ಅವಸರವಿಲ್ಲದೆ ಹಾಡುತ್ತಾರೆ. ಸಭಾಂಗಣ ಯಾವುದಾದರೇನು, ಹಾಡಿನೊಳಗಿನ ಹಸಿವು ಸುಳ್ಳಲ್ಲ.

‘ಜಾರ್ಜಿಯಾ ಆನ್ ಮೈ ಮೈಂಡ್’ ಹಾಡಿನದು ಇನ್ನೊಂದು ಪಯಣ. 1930ರಲ್ಲಿ ಅದಕ್ಕೆ ರಾಗ ಹಾಕಿದ್ದು ಹೋಗಿ ಕಾರ್ಮೈಕಲ್ ಎಂಬ ಬಿಳಿಯ ಸಂಗೀತಗಾರ. 1960ರಲ್ಲಿ ಅದನ್ನು ಲೋಕಕ್ಕೆ ಹಂಚಿದ್ದು ಜಾರ್ಜಿಯಾದಲ್ಲೇ ಹುಟ್ಟಿದ ಅಂಧ ಗಾಯಕ ರೇ ಚಾರ್ಲ್ಸ್. ಮರುವರ್ಷ ಅದೇ ರಾಜ್ಯದ ಆಗಸ್ಟಾದಲ್ಲಿ, ಕಪ್ಪು ಜನರನ್ನು ಬೇರೆ ಕೂರಿಸುವ ಸಭೆಯಲ್ಲಿ ಹಾಡುವುದಿಲ್ಲ ಎಂದು ಅವರು ಹಿಂದೆ ಸರಿದರು, ದಂಡ ತೆತ್ತರು. 1978ರಲ್ಲಿ ವಿಲ್ಲಿ ನೆಲ್ಸನ್ ಅದನ್ನು ತಮ್ಮ ‘ಸ್ಟಾರ್‌ಡಸ್ಟ್’ ಧ್ವನಿಮುದ್ರಿಕೆಯಲ್ಲಿ ಹಾಡಿದರು. 1979ರಲ್ಲಿ ಜಾರ್ಜಿಯಾ ಅದನ್ನು ತನ್ನ ನಾಡಗೀತೆ ಮಾಡಿಕೊಂಡಿತು. 2009ರ ಫೆಬ್ರವರಿಯಲ್ಲಿ ವಿಲ್ಲಿ ಮತ್ತು ವಿಂಟನ್ ರೇ ಚಾರ್ಲ್ಸರ ನೆನಪಿಗಾಗಿ ಮತ್ತೆ ಒಟ್ಟಿಗೆ ಹಾಡಿದಾಗ ಜೊತೆಗಿದ್ದವರು ನೋರಾ ಜೋನ್ಸ್, ನಮ್ಮ ಪಂಡಿತ್ ರವಿಶಂಕರ್ ಅವರ ಮಗಳು. ಅದು 2011ರಲ್ಲಿ ಬಿಡುಗಡೆಯಾಯಿತು.

ಒಂದು ಕಛೇರಿಯಿಂದ ಅಮೆರಿಕದ ವರ್ಣದ್ವೇಷ ಕರಗಲಿಲ್ಲ. 2024ರಲ್ಲಿ ಬಿಯಾನ್ಸೆ ‘ಕೌಬಾಯ್ ಕಾರ್ಟರ್’ ಹೊರತಂದಾಗ, ಇವಳಿಗೂ ಕಂಟ್ರಿಗೂ ಏನು ಸಂಬಂಧ ಎಂದು ಕೇಳಿದವರಿದ್ದರು. ಅದರಲ್ಲೂ ತೊಂಬತ್ತು ದಾಟಿದ ವಿಲ್ಲಿ ನೆಲ್ಸನ್ ಅವರ ದನಿಯಿದೆ. 2025ರಲ್ಲಿ ಅದು ವರ್ಷದ ಅತ್ಯುತ್ತಮ ಧ್ವನಿಮುದ್ರಿಕೆಯ ಗ್ರ್ಯಾಮಿ ಪಡೆಯಿತು. ಪ್ರಶಸ್ತಿ ಬಂದ ಮೇಲೂ ಆ ಪ್ರಶ್ನೆ ಕೇಳುವವರು ಕೇಳುತ್ತಲೇ ಇರುತ್ತಾರೆ.

ಇದು ಯಾರದು, ನಿನಗೇನು ಹಕ್ಕು ಎಂಬ ಪ್ರಶ್ನೆ ನಮಗೂ ಹೊಸದಲ್ಲ. ಅದಕ್ಕೆ ಕೂಗಿ ಉತ್ತರಿಸಿದರೆ ಕೇಳುವವನ ದನಿ ಇನ್ನಷ್ಟು ಏರುತ್ತದೆ. ವಿಲ್ಲಿ ಮತ್ತು ವಿಂಟನ್ ವಾದ ಮಾಡಲಿಲ್ಲ. ಹಳೆಯ ಹತ್ತು ಹಾಡು ಆರಿಸಿಕೊಂಡರು, ಒಬ್ಬರು ಹಾಡುವಾಗ ಇನ್ನೊಬ್ಬರು ಕಾದರು, ತಮ್ಮ ಸರದಿ ಬಂದಾಗ ತಮ್ಮದೇ ದನಿಯಲ್ಲಿ ಮಾತಾಡಿದರು. ಇಷ್ಟಕ್ಕೂ ಅಭ್ಯಾಸ ಬೇಕು. ಕಾಯುವುದಕ್ಕಂತೂ ಹಾಡುವುದಕ್ಕಿಂತ ಹೆಚ್ಚಿನ ಅಭ್ಯಾಸ ಬೇಕು.